ಹಳೆಯ ವಿದ್ಯಾರ್ಥಿಗಳ ವಾರ್ತೆ

ನಮ್ಮ ಸಂಚಿಕೆಯ ‘ಹಳೆಯ ವಿದ್ಯಾರ್ಥಿಗಳ ವಾರ್ತೆ’ಯಲ್ಲಿ ಬಡ್ತಿ, ಬಹುಮಾನ, ವಿವಾಹಗಳಿಗೆ ಮಾತ್ರ ಜಾಗ ದೊರೆಯುತ್ತಿರುವುದು ನನಗೆ ಸರಿತೋರದು. 1921ರಲ್ಲಿ ಪ್ರೊಫೆಸರ್ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಅವರನ್ನು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಕುಳ್ಳಿರಿಸಿ, ಕುದುರೆಗಳ ಬದಲು ತಾವೇ ರೈಲು ನಿಲ್ದಾಣದವರೆಗೆ ಎಳೆದರಷ್ಟೆ. (ಕುದುರೆಗಳಿಗೆ ಅಂದು ರಜೆ!) ಗಾಡಿಯಲ್ಲಿ ಕುಳಿತಿದ್ದವರು 1962ರಲ್ಲಿ ರಾಷ್ಟ್ರಪತಿಗಳಾದರು. ಎಳೆದ ಹುಡುಗರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

ಆದುದರಿಂದ ಸಂಪಾದಕರಲ್ಲಿ ನನ್ನ ವಿಜ್ಞಾಪನೆ: ಪದವಿ ಪಡೆಯದೆ ಊರಿಗೆ ಮರಳಿದವರಿಗೂ, ನಿವೃತ್ತರಾದ ಜವಾನರಿಗೂ, ಪುಸ್ತಕಭಂಡಾರದ ಗುಮಾಸ್ತರಿಗೂ ನಮ್ಮ ಪತ್ರ ಹೋಗಲಿ. ಬರೆಯಲಾರದವರ ಮನೆಗೆ ಇಬ್ಬರು ವಿದ್ಯಾರ್ಥಿಗಳು ಹೋಗಿ, ಕೇಳಿ ಬರೆದುಕೊಂಡು ಬರಲಿ. ಅವರಲ್ಲಿ ಹಲವರಿಗೆ ವಯಸ್ಸಾಗಿದೆ. ಮುಂದಿನ ಸಂಚಿಕೆಗೆ ಇನ್ನೂ ಒಂದು ವರ್ಷವಿದೆ.