ಲಕೋಟೆಯ ಮರ್ಯಾದೆ

ಇನ್ನೊಬ್ಬರ ಕಾಗದವನ್ನು ಒಡೆದು ಓದಬಾರದೆಂಬುದು ಹಿರಿಯರು ಮಕ್ಕಳಿಗೆ ಕಲಿಸುವ ಸಭ್ಯತೆಯ ಮೊದಲ ಪಾಠಗಳಲ್ಲೊಂದು. ಅಂಚೆಯ ಕಾರ್ಡನ್ನು ಕಂಡವರೆಲ್ಲರೂ ಓದಬಹುದು. ಅಂಟಿಸಿದ ಲಕೋಟೆಯನ್ನು ವಿಳಾಸದಾರನೇ ಒಡೆಯಬೇಕು. ಆ ಚಿಟಿಕೆ ಅಂಟಿನಲ್ಲಿ ಮನುಷ್ಯನ ಮರ್ಯಾದೆ ಅಡಗಿದೆ.

ಈಗ ನಮ್ಮ ಕಾಗದಗಳು ಬಹುಮಟ್ಟಿಗೆ ಇ-ಮೇಲ್ ರೂಪವನ್ನು ತಾಳಿವೆ. ಸಾಮಾನ್ಯ ಇ-ಮೇಲ್‌ಗೆ ದಾರಿಯಲ್ಲಿ ಕಾವಲಿದ್ದರೂ, ಅದನ್ನು ಸಾಗಿಸುವ ಸಂಸ್ಥೆಯ ಗಣಕಯಂತ್ರದಲ್ಲಿ ಅದು ಓದಬಹುದಾದ ರೂಪದಲ್ಲಿಯೇ ಇರುತ್ತದೆ. ಅಂಚೆಯಣ್ಣನ ಚೀಲದಲ್ಲಿರುವ ಕಾರ್ಡಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ.

ಈ ಕೊರತೆಯನ್ನು ನೀಗಿಸುವ ವಿದ್ಯೆಯೇ ಗೂಢಲಿಪೀಕರಣ. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಅಮೆರಿಕದ ವಿದ್ವಾಂಸರು ಇದಕ್ಕೊಂದು ಹೊಸ ದಾರಿಯನ್ನು ತೋರಿಸಿದರು. ಆ ದಾರಿಯಲ್ಲಿ ಬೆಳೆದ ಪದ್ಧತಿಯಂತೆ ಪ್ರತಿಯೊಬ್ಬನಿಗೂ ಎರಡು ಕೀಲಿಗಳು. ಒಂದನ್ನು ಎಲ್ಲರಿಗೂ ಕೊಡಬಹುದು. ಅದರಿಂದ ಬೀಗ ಹಾಕಬಹುದೇ ಹೊರತು ತೆರೆಯಲಾಗದು. ತೆರೆಯುವ ಕೀಲಿ ಒಡೆಯನೊಬ್ಬನಲ್ಲಿಯೇ ಇರುತ್ತದೆ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬಾತನು ಈ ವಿದ್ಯೆಯನ್ನು ಪಿಜಿಪಿ ಎಂಬ ತಂತ್ರಾಂಶದ ಮೂಲಕ ಜನಸಾಮಾನ್ಯರ ಕೈಗಿತ್ತನು. ಬಲವಾದ ಗೂಢಲಿಪಿಯನ್ನು ಯುದ್ಧಸಾಮಗ್ರಿಯೆಂದು ಎಣಿಸುತ್ತಿದ್ದ ಆ ದೇಶದ ಸರ್ಕಾರವು ಅವನ ಮೇಲೆ ತನಿಖೆ ನಡೆಸಿ, 1996ರಲ್ಲಿ ಮೊಕದ್ದಮೆ ಹೂಡದೆಯೇ ಕೈಬಿಟ್ಟಿತು. 2014ರಲ್ಲಿ ಜಿನೀವಾದಲ್ಲಿ, ಸರ್ನ್ ಸಂಶೋಧನಾಲಯದ ವಿಜ್ಞಾನಿಗಳ ಯತ್ನದಿಂದ, ಇದೇ ತತ್ತ್ವವನ್ನು ಆಧರಿಸಿದ ಪ್ರೋಟಾನ್ ಮೇಲ್ ಸೇವೆಯು ಮೊದಲಾಯಿತು.

“ತಪ್ಪು ಮಾಡದವನಿಗೆ ಮುಚ್ಚಿಡಲು ಏನಿದೆ?” ಎಂದು ಕೆಲವರು ಕೇಳುವುದುಂಟು. ಮನೆಗೆ ಬಾಗಿಲಿರುವುದು ಒಳಗೆ ಕಳ್ಳತನದ ಮಾಲಿದೆಯೆಂದಲ್ಲ. ರೋಗಿಯು ವೈದ್ಯನಿಗೆ, ಕಕ್ಷಿದಾರನು ವಕೀಲನಿಗೆ, ಮಗಳು ತಾಯಿಗೆ ಬರೆಯುವ ಮಾತು ಸಂತೆಯ ಮಾತಲ್ಲ. ದುಷ್ಟರೂ ಈ ಬೀಗವನ್ನು ಬಳಸುವರೆಂಬುದು ನಿಜ. ಅವರನ್ನು ಹಿಡಿಯುವುದು ಸರ್ಕಾರದ ಕರ್ತವ್ಯವೂ ಹೌದು. ಆದರೆ ಅದಕ್ಕಾಗಿ ಎಲ್ಲ ಬೀಗಗಳಿಗೂ ಒಂದೇ ಕಳ್ಳಕೀಲಿಯನ್ನು ಮಾಡಿಸಿದರೆ, ಅದು ಒಂದು ದಿನ ಕಳ್ಳನ ಕೈಗೂ ಸಿಕ್ಕೀತು. ಆಗ ನಷ್ಟ ಹೊರುವವರು ನಿರಪರಾಧಿಗಳೇ.

ಹಾಗೆಂದು ಈ ಬೀಗ ಸರ್ವಶಕ್ತವೇನೂ ಅಲ್ಲ. ಅದು ಕಾಗದದ ಒಳಗನ್ನು ಕಾಯುತ್ತದೆ; ಯಾರು, ಯಾರಿಗೆ, ಯಾವಾಗ ಬರೆದರೆಂಬುದು ಹೊರಗೆ ಉಳಿಯುತ್ತದೆ. 2021ರಲ್ಲಿ ಸ್ವಿಟ್ಜರ್ಲೆಂಡಿನ ಅಧಿಕಾರಿಗಳ ಆಜ್ಞೆಯಂತೆ ಪ್ರೋಟಾನ್ ಸಂಸ್ಥೆಯು ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಅಂತರ್ಜಾಲ ವಿಳಾಸವನ್ನು ಒಪ್ಪಿಸಬೇಕಾಯಿತು. ಆದುದರಿಂದ ಯಂತ್ರದ ಬೀಗದೊಡನೆ ಕಾನೂನಿನ ಕಾವಲೂ ಬೇಕು.

ಅಂತಹ ಕಾವಲಿಗೆ ನಮ್ಮ ನಾಡಿನವರೇ ಒಬ್ಬರು ಕಾರಣರಾದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು, ಖಾಸಗಿತನವು ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಹಕ್ಕು ದೊರೆತರೆ ಸಾಲದು, ಅದನ್ನು ಉಳಿಸಿಕೊಳ್ಳುವ ಎಚ್ಚರವೂ ಬೇಕು. ಗುಪ್ತಪದವನ್ನು ಕಂಡಕಂಡವರಿಗೆ ಹೇಳದಿರುವುದು, ಗೆಳೆಯನ ದೂರವಾಣಿಯಲ್ಲಿನ ಸಂದೇಶವನ್ನು ಕದ್ದು ಓದದಿರುವುದು—ಈ ಎಚ್ಚರ ಆರಂಭವಾಗುವುದು ಇಲ್ಲಿಂದಲೇ. ತನ್ನ ಲಕೋಟೆಯ ಮರ್ಯಾದೆಯನ್ನು ಬಯಸುವವನು ಪರರ ಲಕೋಟೆಯನ್ನೂ ಗೌರವಿಸಬೇಕು.