ದಾಸವಾಳ ಅಡುಗೆಮನೆಗೆ ಬರಲಿ, ಮಾತ್ರೆಯ ಜಾಗಕ್ಕೆ ಬೇಡ

ಕೆಲವು ತಿಂಗಳ ಹಿಂದೆ ಐವತ್ತೆಂಟು ವರ್ಷದ ಗೃಹಿಣಿಯೊಬ್ಬರು ಮುಖದ ಉರಿಗೆ ಮುಲಾಮು ಬರೆಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದರು. ಎರಡೂ ಕೆನ್ನೆ ಕೆಂಪಾಗಿ, ಅಲ್ಲಲ್ಲಿ ಚರ್ಮ ಸುಲಿದಿತ್ತು. ಆರು ವರ್ಷಗಳಿಂದ ನನ್ನಲ್ಲೇ ರಕ್ತದ ಒತ್ತಡಕ್ಕೆ ಚಿಕಿತ್ಸೆ ಪಡೆಯುತ್ತಿರುವವರಾದ್ದರಿಂದ ರೂಢಿಯಂತೆ ತೋಳಿಗೆ ಪಟ್ಟಿ ಕಟ್ಟಿ ನೋಡಿದೆ. ಸದಾ 130ರ ಆಸುಪಾಸಿನಲ್ಲಿರುತ್ತಿದ್ದ ಒತ್ತಡ ಅಂದು 186/110 ಇತ್ತು.

“ಮಾತ್ರೆ ತಪ್ಪಿಸಿದಿರಾ ಅಮ್ಮಾ?” ಎಂದು ಕೇಳಿದೆ.

“ತಪ್ಪಿಸಿಲ್ಲ ಡಾಕ್ಟ್ರೇ, ಬಿಟ್ಟೇಬಿಟ್ಟೆ. ಎರಡು ತಿಂಗಳಿಂದ ದಿನಕ್ಕೆ ಮೂರು ಲೋಟ ದಾಸವಾಳದ ಚಹಾ ಕುಡೀತಿದ್ದೀನಿ. ನಮ್ಮ ಅಂಗಳದ್ದೇ ಹೂವು” ಎಂದರು. ಅದೇ ಹೂವನ್ನು ನಿಂಬೆರಸದೊಂದಿಗೆ ಅರೆದು ಭಂಗು ಹೋಗಲೆಂದು ಮುಖಕ್ಕೂ ಹಚ್ಚುತ್ತಿದ್ದರು. ಎರಡೂ ಮೊಬೈಲಿನಲ್ಲಿ ಬಂದ ಸಲಹೆಗಳು.

ದಾಸವಾಳವನ್ನು ಹಳಿಯಲು ನಾನಿದನ್ನು ಬರೆಯುತ್ತಿಲ್ಲ. ಅದರ ಎಲೆ ಕಿವುಚಿ ಲೋಳೆ ತೆಗೆದು ತಲೆಗೆ ಹಚ್ಚಿ ಸ್ನಾನ ಮಾಡಿಸುತ್ತಿದ್ದ ಅಜ್ಜಿಯರ ಕೈಯಲ್ಲೇ ನಾವೆಲ್ಲ ಬೆಳೆದವರು. ಮಲೆನಾಡು, ಕರಾವಳಿಯ ಮನೆಗಳಲ್ಲಿ ದಾಸವಾಳದ ತಂಬುಳಿ, ದೋಸೆ, ಶರಬತ್ತು ಹೊಸ ಸಂಗತಿಗಳಲ್ಲ. ಆಹಾರವಾಗಿ, ಸ್ನಾನದ ಸಾಮಗ್ರಿಯಾಗಿ ಬಂದ ಹೂವು ಯಾರಿಗೂ ಗೊತ್ತಾಗದಂತೆ ಮಾತ್ರೆಯ ಜಾಗದಲ್ಲಿ ಕುಳಿತದ್ದೇ ಇಲ್ಲಿ ಬಂದ ತೊಂದರೆ.

ಎರಡು ಹೂವು, ಒಂದೇ ಹೆಸರು

‘ಹೈಬಿಸ್ಕಸ್ ಚಹಾ ರಕ್ತದ ಒತ್ತಡ ಇಳಿಸುತ್ತದೆ’ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದು ನಮ್ಮ ಅಂಗಳದ ಕೆಂಪು ದಾಸವಾಳದ ಮಾತಲ್ಲ. ನಮ್ಮದು ‘ಹೈಬಿಸ್ಕಸ್ ರೋಸಾ ಸೈನೆನ್ಸಿಸ್’. ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿದ್ದು ‘ಹೈಬಿಸ್ಕಸ್ ಸಬ್ದಾರಿಫಾ’, ಅಂದರೆ ಕೆಂಪು ಪುಂಡಿ. ಜೋಳದ ರೊಟ್ಟಿಯೊಂದಿಗೆ ಉತ್ತರ ಕರ್ನಾಟಕದವರು ಸವಿಯುವ ಪುಂಡಿಪಲ್ಯದ ಬಳಗಕ್ಕೆ ಸೇರಿದ ಗಿಡ. ಅದರಲ್ಲಿ ಚಹಾಕ್ಕೆ ಬಳಸುವುದು ಎಸಳನ್ನೂ ಅಲ್ಲ. ಎಸಳು ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ಕೆಂಪಾದ, ಹುಳಿಯಾದ, ದಪ್ಪನೆಯ ಪುಷ್ಪಪಾತ್ರೆಯನ್ನು ಒಣಗಿಸಿ ಕುದಿಸುತ್ತಾರೆ. ಈಜಿಪ್ಟ್, ಸುಡಾನ್‌ಗಳಲ್ಲಿ ಇದೇ ‘ಕರ್ಕಡೆ’ ಎಂಬ ಪಾನೀಯ.

ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒತ್ತಡ ತುಸುವೇ ಹೆಚ್ಚಿದ್ದ 65 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ ಮೂರು ಬಟ್ಟಲಿನಂತೆ ಆರು ವಾರ ಈ ಚಹಾ ಕೊಟ್ಟರು. ಅವರ ಮೇಲಿನ ಒತ್ತಡ ಸರಾಸರಿ 7 ಅಂಕಿ ಇಳಿಯಿತು. ಬರಿಯ ಬಣ್ಣ-ರುಚಿಯ ಪಾನೀಯ ಕುಡಿದವರಲ್ಲಿ ಇಳಿದದ್ದು 1 ಅಂಕಿಯಷ್ಟು. ಅವರಲ್ಲಿ ಯಾರೂ ಒತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಅಂದರೆ ಮಾತ್ರೆ ಬಿಟ್ಟು ಚಹಾ ಕುಡಿದರೆ ಸಾಕೆಂದು ಆ ಅಧ್ಯಯನ ಹೇಳಿಲ್ಲ. 186ರಲ್ಲಿ 7 ಕಳೆದರೂ 179 ಉಳಿಯುತ್ತದೆ.

ಒತ್ತಡ ಏರಿದಾಗ ಬಹುಮಂದಿಗೆ ಏನೂ ತಿಳಿಯುವುದಿಲ್ಲ. “ಆರಾಮಾಗೇ ಇದ್ದೀನಲ್ಲ” ಎಂದು ಆಕೆಯೂ ಹೇಳಿದರು. ಮುಖ ಉರಿಯದಿದ್ದರೆ ಅವರು ಅಂದು ಬರುತ್ತಲೇ ಇರಲಿಲ್ಲ. ಮುಂದಿನ ಸುದ್ದಿ ಲಕ್ವವೋ ಹೃದಯಾಘಾತವೋ ಆಗಬಹುದಿತ್ತು.

ಮುಖಕ್ಕೆ ಹಚ್ಚುವ ಮುನ್ನ

ದಾಸವಾಳದ ಲೋಳೆ ಚರ್ಮದ ಮೇಲೆ ತೆಳುವಾಗಿ ಹರಡಿ ಸ್ವಲ್ಪ ಹೊತ್ತು ತೇವ ಹಿಡಿದಿಡುತ್ತದೆ. ಮುಖ ನುಣುಪೆನಿಸುವುದು ಅದರಿಂದ. ಭಂಗು ಅಳಿಸುವ ಶಕ್ತಿ ಅದಕ್ಕಿಲ್ಲ. ಭಂಗಿಗೆ ಮುಖ್ಯವಾಗಿ ಬೇಕಾದದ್ದು ಬಿಸಿಲಿನಿಂದ ರಕ್ಷಣೆ. ಈ ಲೇಪಗಳಲ್ಲಿ ಹಾನಿ ಮಾಡುವುದು ಅನೇಕ ಸಲ ಹೂವಲ್ಲ, ಜೊತೆಗೆ ಸೇರಿಸುವ ನಿಂಬೆರಸ. ಅದರ ಹುಳಿ ಚರ್ಮವನ್ನು ಉರಿಸುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಪ್ಪು ಕಲೆ ಹೆಚ್ಚಲೂಬಹುದು.

ಹಚ್ಚಲೇಬೇಕೆನ್ನುವವರು ಮೊದಲು ಮುಂಗೈಯ ಒಳಭಾಗದಲ್ಲಿ ಒಂದು ಕಾಸಿನಗಲ ಹಚ್ಚಿ, ತೊಳೆದು, ಎರಡು ದಿನ ಕಾದು ನೋಡಿ. ತುರಿಕೆ, ಕೆಂಪು ಕಂಡರೆ ಅಲ್ಲಿಗೇ ಬಿಡಿ. ಅರೆದದ್ದನ್ನು ಅಂದೇ ಬಳಸಿ. ನೀರು ಸೇರಿದ ಲೇಪ ಡಬ್ಬಿಯಲ್ಲಿ ಕುಳಿತರೆ ಬೂಷ್ಟು ಹಿಡಿಯುತ್ತದೆ. ಮೊಡವೆ ಒಡೆದಿರುವ, ಗಾಯವಿರುವ ಚರ್ಮಕ್ಕೆ ಬೇಡವೇ ಬೇಡ.

ಕುಡಿಯುವವರಿಗೆ

ಎರಡು ಮೂರು ಹೂವಿನ ತೊಟ್ಟು, ಹಸಿರು ಬಟ್ಟಲು, ನಡುವಿನ ಕೇಸರದ ಕಡ್ಡಿ ತೆಗೆದು, ಎಸಳನ್ನು ಚೆನ್ನಾಗಿ ತೊಳೆಯಿರಿ. ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ಐದು ನಿಮಿಷ ಮುಚ್ಚಿಡಿ. ಕಪ್ಪು-ನೇರಳೆಯಾದ ನೀರಿಗೆ ನಾಲ್ಕು ಹನಿ ನಿಂಬೆರಸ ಬಿದ್ದೊಡನೆ ಕೆಂಪೇರುವುದನ್ನು ಮಕ್ಕಳಿಗೆ ತೋರಿಸಿ. ಹುಳಿ ತಾಗಿದಾಗ ಎಸಳಿನ ವರ್ಣದ್ರವ್ಯ ಬಣ್ಣ ಬದಲಿಸುವ ಆಟವದು. ಆರೋಗ್ಯವಂತರು ದಿನಕ್ಕೊಂದು ಲೋಟ ಕುಡಿದರೆ ನನ್ನ ಆಕ್ಷೇಪವಿಲ್ಲ. ಆದರೆ ಸಕ್ಕರೆ ಸುರಿದ ಶರಬತ್ತು, ‘ಗಿಡಮೂಲಿಕೆ’ ಎಂಬ ಹೆಸರು ಹೊತ್ತರೂ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯೇ.

ಗರ್ಭಿಣಿಯರೂ ಗರ್ಭ ಧರಿಸಬಯಸುವವರೂ ಇದನ್ನು ದೂರವಿಡುವುದು ಲೇಸು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಾಸವಾಳದ ಹೂವಿನ ಸತ್ವ ಗರ್ಭ ನಿಲ್ಲದಂತೆ ಮಾಡಿದ್ದುಂಟು. ಬಿಳಿ ಹಿಟ್ಟಿನ ಹುಳುವಿಗೆಂದು ಕೀಟನಾಶಕ ಸಿಂಪಡಿಸಿದ ಗಿಡದ, ನರ್ಸರಿಯಿಂದ ಆಗತಾನೆ ತಂದ ಗಿಡದ ಹೂವು ಕುಡಿಯಲು ಯೋಗ್ಯವಲ್ಲ.

ಅಂಗಳದ ಹೂವೆಲ್ಲ ನಿರಪಾಯಕಾರಿ ಎಂಬ ಭ್ರಮೆಯೂ ಬೇಡ. ದಾಸವಾಳದ ಪಕ್ಕದಲ್ಲೇ ಅರಳುವ ಕಣಗಿಲೆಯ ಎಲೆ, ಹೂವು, ಬೀಜ ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವಿನ ಬಳಕೆಯನ್ನೇ ನಿಲ್ಲಿಸಿತು.

ತಪ್ಪು ನಮ್ಮದೂ

ಆಕೆ ಹೊರಟ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಆರು ವರ್ಷಗಳಲ್ಲಿ ಒಂದು ಸಲವಾದರೂ “ಮಾತ್ರೆಯ ಜೊತೆ ಮನೆಯಲ್ಲಿ ಇನ್ನೇನು ತೆಗೆದುಕೊಳ್ಳುತ್ತೀರಿ?” ಎಂದು ನಾನು ಕೇಳಿರಲಿಲ್ಲ. ಕೇಳಿದ ವೈದ್ಯರಲ್ಲೂ ಕೆಲವರು ಮನೆಮದ್ದಿನ ಹೆಸರೆತ್ತಿದೊಡನೆ ಗದರುತ್ತೇವೆ. ಗದರಿಸಿಕೊಂಡವರು ಮತ್ತೆ ಬಾಯಿ ಬಿಡುವುದಿಲ್ಲ. ಹೀಗೆ ರೋಗಿ ಮುಚ್ಚಿಟ್ಟದ್ದು, ವೈದ್ಯ ಕೇಳದೆ ಬಿಟ್ಟದ್ದು ಎರಡೂ ಸೇರಿ ಅಪಾಯ ತರುತ್ತವೆ. ಈಗ ಹೊಸಬರು, ಹಳಬರು ಎನ್ನದೆ ಎಲ್ಲರಿಗೂ ಆ ಪ್ರಶ್ನೆ ಕೇಳುತ್ತಿದ್ದೇನೆ. ನಿಮ್ಮ ವೈದ್ಯರು ಕೇಳದಿದ್ದರೆ ನೀವಾಗಿಯೇ ಹೇಳಿ: ಕಷಾಯ, ಚಹಾ, ಲೇಪ, ಲೇಹ್ಯ ಯಾವುದನ್ನೂ ಬಿಡಬೇಡಿ. ಮಾತ್ರೆ ಕಡಿಮೆ ಮಾಡುವ ಆಸೆಯಿದ್ದರೆ ಅದನ್ನೂ ಹೇಳಿ. ಉಪ್ಪು ಇಳಿಸಿ, ತೂಕ ಇಳಿಸಿ, ದಿನಾ ನಡೆದು, ಒತ್ತಡವನ್ನು ಅಳೆಯುತ್ತ ಕೆಲವರಲ್ಲಿ ಅದು ಸಾಧ್ಯವಾಗುತ್ತದೆ.

ಆಕೆ ಮಾತ್ರೆ ಮತ್ತೆ ಶುರು ಮಾಡಿದರು. ಮೂರು ವಾರದಲ್ಲಿ ಒತ್ತಡ 138/84ಕ್ಕೆ ಇಳಿಯಿತು, ಕೆನ್ನೆಯೂ ವಾಸಿಯಾಯಿತು. “ಸಂಜೆ ಒಂದು ಲೋಟ ದಾಸವಾಳದ ಚಹಾ ಕುಡಿಯಲಾ ಡಾಕ್ಟ್ರೇ?” ಎಂದು ಸಂಕೋಚದಿಂದ ಕೇಳಿದರು. “ಕುಡಿಯಿರಿ ಅಮ್ಮಾ, ಬೆಳಗಿನ ಮಾತ್ರೆ ನುಂಗಿದ ದಿನ ಮಾತ್ರ” ಎಂದೆ.