ಒಲೆಯ ಉಸಿರು



ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ಉತ್ತರ ಕರ್ನಾಟಕದ ಒಂದು ಗ್ರಾಮದ ಮಠದಲ್ಲಿ ಹತ್ತು ದಿನ ತಂಗುವ ಸುಯೋಗ ಒದಗಿತ್ತು. ಮೂರನೆಯ ದಿನ ಮಧ್ಯಾಹ್ನದ ಪ್ರಸಾದ ಒಂದೂವರೆ ಗಂಟೆ ತಡವಾಯಿತು. ಪಂಕ್ತಿಯಲ್ಲಿ ಕುಳಿತ ಶಾಲೆಯ ಮಕ್ಕಳು ಬರಿದಾದ ತಟ್ಟೆಗಳನ್ನು ನೋಡುತ್ತಿದ್ದರು. ಕಾರಣವನ್ನು ಅರಿಯಲೆಂದು ದಾಸೋಹದ ಮನೆಯನ್ನು ಹೊಕ್ಕರೆ ಎದುರಿಗಿದ್ದವರ ಮುಖವೇ ಕಾಣದಷ್ಟು ಹೊಗೆ. ಹಲವು ವರ್ಷಗಳಿಂದ ಅಲ್ಲಿ ಅಡುಗೆಯ ಸೇವೆ ಮಾಡುತ್ತಿರುವ ವೃದ್ಧ ತಾಯಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ, ಅರೆಬೆಂದ ಅನ್ನದ ಕೊಪ್ಪರಿಗೆಯ ಮುಂದೆ ನಿಂತಿದ್ದರು.

“ಮೊದಲ ಛಲೋ ಉರೀತಿತ್ತು ಯಪ್ಪಾ, ಈಗ ಬರೇ ಹೊಗಿ. ಈ ಒಲಿ ನಮ್ಮ ಮಾತು ಕೇಳವಲ್ದು,” ಎಂದರು.

ಅದು ಕಟ್ಟಿಗೆಯ ಒಲೆಯಲ್ಲ. ಭಕ್ತರೊಬ್ಬರು ಮೂರು ವರ್ಷಗಳ ಹಿಂದೆ ಕಾಣಿಕೆಯಾಗಿ ಕೊಟ್ಟ, ಪಂಖದ ಗಾಳಿಯಿಂದ ಉರಿಯುವ ಪೆಲೆಟ್ ಒಲೆ. ಹೊಗೆ ತಪ್ಪಲೆಂದು ತಂದ ಒಲೆಯೇ ಹೊಗೆಯನ್ನು ಕಾರುತ್ತಿತ್ತು. ಅದನ್ನು ಕಿತ್ತುಹಾಕಿ ಹಿಂದಿನಂತೆ ಕಟ್ಟಿಗೆಯನ್ನೇ ಉರಿಸುವುದೆಂದು ಊರ ಹಿರಿಯರು ನಿಶ್ಚಯಿಸಿದ್ದರು. ನಾನು ಒಂದು ದಿನದ ಅವಕಾಶವನ್ನು ಬೇಡಿದೆ.

ಪೆಲೆಟನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಮರದ ಹೊಟ್ಟು, ಶೇಂಗಾ ಸಿಪ್ಪೆ, ಹೊಲದಲ್ಲಿ ಉಳಿದ ಕಸಕಡ್ಡಿ ಇವುಗಳನ್ನು ಒಣಗಿಸಿ, ಪುಡಿಮಾಡಿ, ಯಂತ್ರದ ಅಚ್ಚಿನ ರಂಧ್ರಗಳಲ್ಲಿ ಒತ್ತಿ ತೆಗೆದ ಗಟ್ಟಿ ತುಂಡುಗಳೇ ಪೆಲೆಟ್‌ಗಳು. ಸಾಮಾನ್ಯವಾಗಿ ಇವು 6ರಿಂದ 8 ಮಿಲಿಮೀಟರ್ ದಪ್ಪವಿರುತ್ತವೆ. ಒಲೆಯ ಹೊಗೆಯನ್ನು ಕಳೆಯುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಕಟ್ಟಿಗೆಗೆ ತಕ್ಕ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟಿತು. ಅದೇ ಸಂಸ್ಥೆಯ ದಹನ ವಿಜ್ಞಾನಿಗಳ ಪರಿಶ್ರಮದಿಂದ ರೂಪುಗೊಂಡ ಪಂಖದ ಪೆಲೆಟ್ ಒಲೆ 2006ರಲ್ಲಿ ಮಾರಾಟಕ್ಕೆ ಬಂದಿತು.

ಈ ಒಲೆ ಹೇಗೆ ಉರಿಯುತ್ತದೆಂಬುದನ್ನು ತಿಳಿದರೆ ಏಕೆ ಉರಿಯುವುದಿಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ. ಕಾದ ಉರುವಲು ಮೊದಲು ಅನಿಲವನ್ನು ಬಿಡುತ್ತದೆ; ಜ್ವಾಲೆಯಾಗಿ ಕಾಣುವುದು ಆ ಅನಿಲದ ಉರಿಯೇ. ಆದುದರಿಂದ ಒಲೆಗೆ ಎರಡು ಉಸಿರು ಬೇಕು. ಕೆಳಗಿನ ಜಾಲರಿಯ ಮೂಲಕ ಬರುವ ಗಾಳಿ ಉರುವಲಿನಿಂದ ಅನಿಲವನ್ನು ಹೊರಡಿಸುತ್ತದೆ. ಮೇಲಿನ ಸುತ್ತಿನಲ್ಲಿರುವ ಸಣ್ಣ ರಂಧ್ರಗಳಿಂದ ನುಗ್ಗುವ ಗಾಳಿ ಆ ಅನಿಲವನ್ನು ಪೂರ್ತಿಯಾಗಿ ಸುಡುತ್ತದೆ. ಕೆಳಗಿನ ಉಸಿರು ಕಟ್ಟಿದರೆ ಬೆಂಕಿ ಸೊರಗುತ್ತದೆ. ಮೇಲಿನ ಉಸಿರು ಕಟ್ಟಿದರೆ ಸುಡದ ಅನಿಲವೇ ಹೊಗೆಯಾಗಿ ಹೊರಬರುತ್ತದೆ. ನಾವು ಹೊಗೆಯೆಂದು ಬಯ್ಯುವುದು ವಾಸ್ತವವಾಗಿ ಉರಿಯದೆ ವ್ಯರ್ಥವಾದ ಉರುವಲು.

ಮರುದಿನ ಬೆಳಗಿನ ಜಾವ, ಒಲೆ ಸಂಪೂರ್ಣ ತಣ್ಣಗಾದ ಮೇಲೆ, ಐ.ಟಿ.ಐ. ಓದಿದ ಊರ ತರುಣನೊಬ್ಬನನ್ನು ಜೊತೆಗೆ ಕರೆದುಕೊಂಡು ಪರೀಕ್ಷೆಗೆ ತೊಡಗಿದೆ.

ಮೊದಲು ಉರುವಲು. ಪೆಲೆಟ್ ಚೀಲಗಳನ್ನು ಬರಿ ನೆಲದ ಮೇಲೆ, ಮಳೆಯಿಂದ ತೊಯ್ದ ಗೋಡೆಗೆ ಒರಗಿಸಿ ಇಟ್ಟಿದ್ದರು. ಒಳ್ಳೆಯ ಪೆಲೆಟ್ ನುಣುಪಾಗಿರುತ್ತದೆ, ಮುರಿದರೆ ‘ಚಟ್’ ಎನ್ನುತ್ತದೆ. ಅಲ್ಲಿನವು ಉಬ್ಬಿ, ಬೆರಳಲ್ಲಿ ಹಿಸುಕಿದರೆ ಹುಡಿಯಾಗುತ್ತಿದ್ದವು. ತೇವದ ಉರುವಲು ತನ್ನ ಕಾವನ್ನೆಲ್ಲ ನೀರನ್ನು ಆವಿ ಮಾಡಲು ಕಳೆಯುತ್ತದೆ. ಬಿಳಿಯ ಹೊಗೆ ಅದರ ಗುರುತು. ಚೀಲದ ತಳದ ಹುಡಿಯಾದರೋ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ ಇಡಿಸಿದೆವು. ಹುಡಿಯನ್ನು ಜರಡಿ ಹಿಡಿದು ಬೇರ್ಪಡಿಸಿದೆವು.

ಎರಡನೆಯದು ಜಾಲರಿ. ಬೂದಿಯನ್ನು ಎತ್ತಿದರೆ ಅದರಡಿಯಲ್ಲಿ ಗಾಜಿನಂತೆ ಗಟ್ಟಿಯಾದ ಕಿಟ್ಟ ಅಂಟಿಕೊಂಡಿತ್ತು. ಹೊಲದ ಕಸದ ಪೆಲೆಟ್‌ಗಳಲ್ಲಿ ಮರದ ಪೆಲೆಟ್‌ಗಿಂತ ಬೂದಿ ಹೆಚ್ಚು. ಆ ಬೂದಿಯಲ್ಲಿರುವ ಮರಳಿನಂಶವೂ ಪೊಟ್ಯಾಶಿನ ಅಂಶವೂ ಹೆಚ್ಚಿನ ಕಾವಿನಲ್ಲಿ ಕೂಡಿ ಕರಗಿ, ತಣಿದಾಗ ಕಲ್ಲಾಗುತ್ತವೆ. ಜಾಲರಿಯ ಅರ್ಧಕ್ಕೂ ಹೆಚ್ಚು ರಂಧ್ರಗಳು ಹೀಗೆ ಮುಚ್ಚಿಹೋಗಿದ್ದವು. ಜಾಲರಿಯನ್ನು ಹೊರತೆಗೆದು ಕಿಟ್ಟವನ್ನು ಮೆಲ್ಲಗೆ ತಟ್ಟಿ ಬಿಡಿಸಿ, ಒಂದೊಂದು ರಂಧ್ರವನ್ನೂ ತಂತಿಯಿಂದ ಚುಚ್ಚಿದೆವು.

ಮೂರನೆಯದು ಮೇಲಿನ ರಂಧ್ರಗಳು. ಅವುಗಳಲ್ಲಿ ಮಸಿ ತುಂಬಿತ್ತು. ಅದನ್ನೂ ಹಾಗೆಯೇ ಬಿಡಿಸಿದೆವು. ಒಲೆಯ ಒಳಗೋಡೆಗೆ ನೀರು ಸುರಿದು ತೊಳೆಯಬೇಕೆಂದು ಕೆಲವರಿಗೆ ತೋಚಿತು, ನಾನು ತಡೆದೆ. ಒಳಗಿನ ಬೆಂಕಿ ಇಟ್ಟಿಗೆ ನೀರು ಕುಡಿದರೆ ಮುಂದಿನ ಉರಿಗೆ ಬಿರುಕು ಬಿಡುವ ಭಯವಿದೆ. ಒಣ ಬ್ರಷ್ ಸಾಕು.

ನಾಲ್ಕನೆಯದು ಪಂಖ. ವಿದ್ಯುತ್ ಸಂಪರ್ಕವನ್ನು ತಪ್ಪಿಸಿ ಆ ತರುಣನು ಅದನ್ನು ಬಿಚ್ಚಿದಾಗ, ಎಲೆಗಳ ಮೇಲೆ ಜಿಡ್ಡು ಕೂಡಿದ ಧೂಳು ಬೆರಳ ದಪ್ಪ ಕುಳಿತಿತ್ತು. ಪಂಖ ತಿರುಗುತ್ತಿತ್ತು, ಸದ್ದೂ ಬರುತ್ತಿತ್ತು. ಗಾಳಿ ಮಾತ್ರ ಬರುತ್ತಿರಲಿಲ್ಲ.

ಕೊನೆಯದು ಹೊಗೆ ಹೋಗುವ ದಾರಿ. ಪಾರಿವಾಳಗಳು ಬರುತ್ತವೆಂದು ಸೂರಿನ ಬೆಳಕಿಂಡಿಗೆ ಯಾರೋ ಗೋಣಿಚೀಲ ತುರುಕಿದ್ದರು. ಅದನ್ನು ತೆಗೆಸಿ ತಂತಿಬಲೆ ಹೊಡೆಸಿದೆವು.

ಒಣ ಪೆಲೆಟ್ ಹಾಕಿ, ತುಸು ಒಣ ತೆಂಗಿನ ನಾರಿನಿಂದ ಬೆಂಕಿ ಹೊತ್ತಿಸಲಾಯಿತು. ಮೊದಲ ಕೆಲವು ನಿಮಿಷ ತೆಳುವಾದ ಹೊಗೆ ಬಂದು, ಬಳಿಕ ನಿಚ್ಚಳವಾದ ಉರಿ ನಿಂತಿತು. ಅಂದಿನ ಪ್ರಸಾದ ವೇಳೆಗೆ ಸರಿಯಾಗಿ ಸಿದ್ಧವಾಯಿತು. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೊಗಿ ಕುಡಿಯೋದೂ ಸೇವಾನ ಅಂತ ತಿಳಕೊಂಡಿದ್ನಿ ಯಪ್ಪಾ,” ಎಂದರು.

ಆ ಮಾತು ನನ್ನ ಮನಸ್ಸನ್ನು ಇಂದಿಗೂ ಚುಚ್ಚುತ್ತಿದೆ. ಹೊಗೆ ಕುಡಿಯುವುದು ಸೇವೆಯಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಮಂದಿ ಅಕಾಲ ಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅರೆಬರೆ ಉರಿದ ಬೆಂಕಿಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜ್ವಾಲೆ ಅಡಗಿ ಕೆಂಡ ಮಾತ್ರ ಉಳಿದಾಗಲೂ ಅದು ಹೊರಡುತ್ತಲೇ ಇರುತ್ತದೆ. ಆದುದರಿಂದ ಕೆಂಡವಿರುವ ಒಲೆಯನ್ನು ಚಳಿಗೆಂದು ಮುಚ್ಚಿದ ಕೋಣೆಯೊಳಗೆ ಇಟ್ಟು ಮಲಗಬಾರದು. ಉರಿ ಸೊರಗಿತೆಂದು ಸೀಮೆಎಣ್ಣೆ ಸುರಿಯುವುದಂತೂ ಅನಾಹುತಕ್ಕೆ ಆಹ್ವಾನ. ಬೂದಿಯನ್ನು ಎತ್ತುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬೂದಿಯೊಳಗೆ ಕೆಂಡ ಒಂದು ಹಗಲು ರಾತ್ರಿ ಜೀವ ಹಿಡಿದಿರಬಲ್ಲದು. ಪ್ಲಾಸ್ಟಿಕ್ ಬುಟ್ಟಿಯಲ್ಲಿ ತುಂಬದೆ ಮುಚ್ಚಳವುಳ್ಳ ಕಬ್ಬಿಣದ ಡಬ್ಬಿಯಲ್ಲಿ ಹಾಕಿ, ಪೂರ್ತಿ ತಣಿದ ಮೇಲೆ ತಿಪ್ಪೆಗೆ ಸೇರಿಸಬೇಕು.

ಇಷ್ಟಕ್ಕೂ ಆ ಒಲೆ ಕೆಟ್ಟಿರಲಿಲ್ಲ. ಮೂರು ವರ್ಷಗಳಲ್ಲಿ ಅದರ ಬೂದಿಯನ್ನು ಮೇಲಿಂದ ಮೇಲೆ ಎತ್ತಿದವರು ಉಂಟು. ಜಾಲರಿಯನ್ನು ತೆಗೆದು ನೋಡಿದವರು ಒಬ್ಬರೂ ಇಲ್ಲ. ಅಡುಗೆಯವರು ಅದು ಯಂತ್ರ ಬಲ್ಲವರ ಕೆಲಸವೆಂದು ಬಿಟ್ಟರು. ಹಿರಿಯರು ಅದು ಅಡುಗೆಯವರ ಕೆಲಸವೆಂದು ಬಿಟ್ಟರು. ಮಠದ ಗೋಡೆಯ ಮೇಲೆ ಪೂಜೆಯ ಸರದಿ, ಹೂವಿನ ಸರದಿ, ಬಡಿಸುವವರ ಸರದಿ ಎಲ್ಲವೂ ಹೆಸರು ಸಹಿತ ಬರೆದಿದ್ದವು. ಒಲೆಯ ಬೂದಿಗೆ ಮಾತ್ರ ಯಾರ ಹೆಸರೂ ಇರಲಿಲ್ಲ.

ನಾನು ಬಾಲ್ಯದಲ್ಲಿ ಮಠದಲ್ಲಿ ಓದುತ್ತಿದ್ದಾಗ ಹೊಸ ವಿದ್ಯಾರ್ಥಿಗೆ ಮೊದಲು ಒಪ್ಪಿಸುತ್ತಿದ್ದುದು ದಾಸೋಹದ ಒಲೆಯ ಬೂದಿಯನ್ನು ತೆಗೆಯುವ ಕೆಲಸ. ಅದನ್ನು ಶಿಕ್ಷೆಯೆಂದು ಬಗೆದು ನಾನು ಅತ್ತದ್ದುಂಟು. ಪಾಠಕ್ಕಿಂತ ಮೊದಲು ಬೂದಿ ಏಕೆಂಬುದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ಹಣೆಯ ವಿಭೂತಿ ಅಷ್ಟಾವರಣಗಳಲ್ಲಿ ಒಂದು. ಒಲೆಯ ಬೂದಿ ಆ ಸ್ಥಾನಕ್ಕೆ ಏರಲಾರದು ನಿಜ. ಆದರೆ ಹಣೆಗೆ ವಿಭೂತಿ ಧರಿಸಿದ ಕೈ ಒಲೆಯ ಬೂದಿಯನ್ನು ಮುಟ್ಟಲು ಹೇಸಿದರೆ ಆ ಧಾರಣೆಗೆ ಏನು ಅರ್ಥ? ಕಟ್ಟಿಗೆಯ ಹೊರೆ ಹೊತ್ತು ಮಾರಿ ದಾಸೋಹ ನಡೆಸಿದ ಮೋಳಿಗೆಯ ಮಾರಯ್ಯನವರನ್ನು ಶರಣರ ಸಾಲಿನಲ್ಲಿ ಪೂಜಿಸುವವರು ನಾವು. ಉರುವಲು ತರುವುದು ಕಾಯಕವಾದರೆ ಅದು ಸುಟ್ಟುಳಿದ ಬೂದಿಯನ್ನು ತೆಗೆಯುವುದೂ ಕಾಯಕವೇ.

ನಾನು ಹೊರಡುವ ದಿನ ಆ ಗೋಡೆಯ ಮೇಲೆ ಹೊಸ ಸರದಿಯೊಂದನ್ನು ಬರೆದಿದ್ದರು: ದಿನವೂ ಬೂದಿ, ವಾರಕ್ಕೊಮ್ಮೆ ಜಾಲರಿ ಮತ್ತು ರಂಧ್ರ, ತಿಂಗಳಿಗೊಮ್ಮೆ ಪಂಖ. ಒಲೆಯನ್ನು ಕಿತ್ತುಹಾಕಬೇಕೆಂದು ಗಟ್ಟಿಯಾಗಿ ಹೇಳಿದ್ದ ಹಿರಿಯರ ಹೆಸರೇ ಮೊದಲನೆಯದಾಗಿತ್ತು; ಬರೆದವರೂ ಅವರೇ.

ನಿಮ್ಮ ಮನೆಯಲ್ಲಿ ಉರಿಯುವುದು ಪೆಲೆಟ್ ಇರಲಿ, ಕಟ್ಟಿಗೆ ಇರಲಿ, ಸಿಲಿಂಡರಿನ ಅನಿಲವೇ ಇರಲಿ, ಪಾತ್ರೆಯ ತಳ ಕಪ್ಪಾಗತೊಡಗಿದರೆ ಒಲೆ ಉಸಿರಿಗಾಗಿ ಬೇಡುತ್ತಿದೆಯೆಂದು ತಿಳಿಯಿರಿ. ಅದರ ಮುಂದೆ ನಿಂತ ತಾಯಿಯ ಉಸಿರೂ ಅದರೊಂದಿಗೆ ಕಟ್ಟುತ್ತಿರುತ್ತದೆ. ಇಂದು ರಾತ್ರಿ ಊಟವಾದ ಮೇಲೆ ಒಲೆ ತಣಿಯಲಿ. ನಾಳೆ ಬೆಳಿಗ್ಗೆ ಆಕೆ ಏಳುವ ಮೊದಲು ಮನೆಯ ಗಂಡುಮಕ್ಕಳಲ್ಲಿ ಒಬ್ಬರು ಅದನ್ನು ಬಿಚ್ಚಿ ನೋಡಲಿ.